ಹಾರ್ಡ್‌ನಾಟ್ ಕೋಟೆಗೆ ಹೋದರೆ ಮೊದಲು ಬಚ್ಚಲುಮನೆ ನೋಡಿ

ನಾನು ಗಂಗಾವತಿಯವಳು. ಇಂಗ್ಲೆಂಡಿನ ಪ್ರೆಸ್ಟನ್‌ಗೆ ಬಂದು ಒಂಬತ್ತು ವರ್ಷವಾಯಿತು. ಊರಿಂದ ಯಾರೇ ಬರಲಿ, ಲೇಕ್ ಡಿಸ್ಟ್ರಿಕ್ಟಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಹೆಚ್ಚಿನವರು ಕೆರೆ ನೋಡಿ, ದೋಣಿ ಹತ್ತಿ, ಐಸ್‌ಕ್ರೀಮ್ ತಿಂದು ವಾಪಸಾಗುತ್ತಾರೆ. ಅಲ್ಲೇ ಗುಡ್ಡದ ಮೇಲೆ ಸುಮಾರು 5000 ವರ್ಷದ ಕಲ್ಲಿನ ವೃತ್ತ ಇದೆ, 1900 ವರ್ಷದ ರೋಮನ್ ಕೋಟೆ ಇದೆ. ಎರಡಕ್ಕೂ ಟಿಕೆಟ್ ಇಲ್ಲ. ಎರಡು ದಿನ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ತುರುಕಿದರೆ ಕಾರಿನ ಸೀಟೇ ಜಾಸ್ತಿ ನೋಡುತ್ತೀರಿ.

ಮೊದಲ ದಿನ ಕೆಸಿಕ್ ಊರಿನ ಪಕ್ಕದ ಕಾಸಲ್‌ರಿಗ್ ಕಲ್ಲಿನ ವೃತ್ತ. ಕಾರು ನಿಲ್ಲಿಸಲು ರಸ್ತೆ ಬದಿಯಲ್ಲಿ ಸ್ವಲ್ಪವೇ ಜಾಗ. ಬೆಳಿಗ್ಗೆ ಎಂಟರೊಳಗೆ ಹೋಗಿ, ಇಲ್ಲವೇ ಊರಿಂದ ಎರಡೂವರೆ ಕಿಲೋಮೀಟರ್ ನಡೆದುಬಿಡಿ. ಮೊದಲು ಕಲ್ಲಿನ ಹತ್ತಿರ ಹೋಗಬೇಡಿ. ನಡುವೆ ನಿಂತು ಸುತ್ತಲೂ ನೋಡಿ. ಸ್ಕಿಡ್ಡಾ, ಬ್ಲೆಂಕಾತ್ರಾ ಅಂತ ಬೆಟ್ಟಗಳೂ ಸುತ್ತ ಕೂತಿರುತ್ತವೆ. ಆಮೇಲೆ ಉತ್ತರದ ಕಡೆ ಬಾಗಿಲಿನಂತೆ ನಿಂತ ಎರಡು ದೊಡ್ಡ ಕಲ್ಲು ಹುಡುಕಿ. ಪೂರ್ವಕ್ಕೆ, ವೃತ್ತದ ಒಳಗೇ, ಸಣ್ಣದೊಂದು ಚೌಕದ ಹಾಗೆ ಕಲ್ಲು ನೆಟ್ಟಿದ್ದಾರೆ. ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಕ್ಕಳಿದ್ದರೆ ಕಲ್ಲು ಎಣಿಸಲು ಬಿಡಿ. 38 ಅನ್ನುವವರಿದ್ದಾರೆ, 42 ಅನ್ನುವವರೂ ಇದ್ದಾರೆ. ದೊಡ್ಡ ಕಲ್ಲಿನ ಬುಡಕ್ಕೆ ಕೊಟ್ಟ ಸಣ್ಣ ಕಲ್ಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅನ್ನುವುದೇ ಜಗಳ. ನಮ್ಮವ್ವ ಮಾತ್ರ ಎಣಿಸಲೇ ಇಲ್ಲ. ಸೆರಗು ಬಿಗಿ ಮಾಡಿಕೊಂಡು ಸುಮ್ನೆ ನಿಂತು ನೋಡಿ, "ಮೋರ್ಯಾರು ಇಲ್ಲಿಗೂ ಬಂದಿದ್ರೇನ?" ಅಂದಳು. ಮೋರ್ಯರೆಂಬ ಹಿಂದಿನ ಕಾಲದ ಕುಳ್ಳ ಜನ ಕಲ್ಲು ನಿಲ್ಲಿಸಿದ್ದೆಂದು ನಮ್ಮ ಕಡೆ ಹೇಳುವ, ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಕಂಡವರಿಗೆ ಈ ಪ್ರಶ್ನೆ ಬರದೇ ಇರಲ್ಲ, ಅಲ್ವಾ? ಅಲ್ಲಿನವು ಕಲ್ಲಿನ ಮನೆಯಂಥ ಗೋರಿಗಳು, ಇದು ಬಯಲು ವೃತ್ತ. ಆದರೂ ಅವ್ವನಿಗೆ ನಾನು ತಿದ್ದಲು ಹೋಗಲಿಲ್ಲ.

ಮಧ್ಯಾಹ್ನ ಪೆನ್ರಿತ್ ದಾಟಿ ಲಾಂಗ್ ಮೆಗ್‌ಗೆ ಹೋಗಬಹುದು. ಇದು ಇನ್ನೂ ದೊಡ್ಡ ವೃತ್ತ, ಹೊಲಕ್ಕೆ ಹೋಗುವ ದಾರಿ ಅದರ ಒಳಗೇ ಹಾದುಹೋಗುತ್ತದೆ. ಮೆಗ್ ಅಂದರೆ ಹೊರಗೆ ಒಂಟಿಯಾಗಿ ನಿಂತ ಕೆಂಪು ಕಲ್ಲು, ಎರಡಾಳೆತ್ತರ. ವೃತ್ತದ ಕಡೆಗಿರುವ ಮುಖದಲ್ಲಿ ಸುರುಳಿ ಸುರುಳಿ ಗೆರೆ ಕೊರೆದಿದ್ದಾರೆ. ನೆತ್ತಿಯ ಮೇಲೆ ಬಿಸಿಲಿದ್ದರೆ ಕಾಣಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ನೋಡಿ.

ಎರಡನೇ ದಿನ ಹಾರ್ಡ್‌ನಾಟ್. ಇಲ್ಲಿ ನನ್ನ ಮಾತು ಕೇಳಿ: ಆಂಬಲ್‌ಸೈಡ್ ಕಡೆಯಿಂದ ಘಾಟಿ ಹತ್ತಿ ಬರಬೇಡಿ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ ಅಂತ ಮೊದಲ ಸಲ ನಾವು ಹಾಗೇ ಬಂದೆವು. ಮೂರು ಅಡಿ ಮುಂದೆ ಹೋದರೆ ಒಂದಡಿ ಮೇಲೇರುವ ರಸ್ತೆ ಅದು. ಒಂದೇ ಕಾರಿನ ಅಗಲ. ತಿರುವಿನಲ್ಲಿ ಎದುರಿಗೆ ವ್ಯಾನ್ ಬಂತು. ಹತ್ತುವ ಗಾಡಿಗೆ ದಾರಿ ಬಿಡುವುದು ರೂಢಿ, ಆದರೆ ಆ ಪುಣ್ಯಾತ್ಮ ಬಿಡಲಿಲ್ಲ. ರಿವರ್ಸ್ ತೆಗೆದು ಮತ್ತೆ ಹತ್ತುವಷ್ಟರಲ್ಲಿ ಬಾಡಿಗೆ ಕಾರಿನ ಕ್ಲಚ್ ಸುಟ್ಟ ವಾಸನೆ. ನನ್ನ ಗಂಡ ಇಡೀ ದಿನ ಮಾತಾಡಲಿಲ್ಲ. ಪಶ್ಚಿಮದ ಎಸ್ಕ್‌ಡೇಲ್ ಕಣಿವೆಯಿಂದ ಬನ್ನಿ. ಘಾಟಿಯ ನೆತ್ತಿ ಮುಟ್ಟುವ ಮೊದಲೇ ಕೋಟೆ ಸಿಗುತ್ತದೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಆಗ ಬೇಡವೇ ಬೇಡ.

ಕಾರು ನಿಲ್ಲಿಸಿ ಮೇಲೆ ನಡೆದರೆ ಮೊದಲು ಸಿಗುವುದು ಕೋಟೆಯಲ್ಲ, ಬಚ್ಚಲುಮನೆ. ಎಲ್ಲರೂ ದಾಟಿ ಓಡುತ್ತಾರೆ. ನೀವು ನಿಲ್ಲಿ. ತಣ್ಣೀರಿಗೊಂದು, ಬೆಚ್ಚಗಿನದಕ್ಕೊಂದು, ಬಿಸಿಗೊಂದು ಅಂತ ಸಾಲು ಕೋಣೆ. ಪಕ್ಕದಲ್ಲಿ ದುಂಡನೆಯ ಕೋಣೆಯೊಂದಿದೆ, ಒಣ ಶಾಖದಲ್ಲಿ ಬೆವರು ಸುರಿಸಲು. "ಇಷ್ಟ್ ದೂರ ಕರ್ಕೊಂಡ್ ಬಂದು ಬಚ್ಚಲಮನಿ ತೋರ್ಸಾಕತ್ತೀಯಲ್ಲ" ಅಂತ ಅವ್ವ ಬೈದಳು. ಹತ್ತು ನಿಮಿಷ ಅಲ್ಲಿನ ಗಾಳಿಗೆ ನಿಂತ ಮೇಲೆ ಅವಳಿಗೇ ಅರ್ಥವಾಯಿತು. ಇಲ್ಲಿದ್ದವರು ಇಟಲಿಯವರಲ್ಲ, ಈಗಿನ ಕ್ರೊಯೇಷಿಯಾ ಕಡೆಯ ಡಾಲ್ಮೇಷಿಯನ್ ಸೈನಿಕರು, ಸುಮಾರು 500 ಜನ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಈ ಕೋಟೆ ಕಟ್ಟಿದರು. ಈ ಚಳಿಗೆ ಬಿಸಿನೀರು ಇಲ್ಲದೆ ಯಾರು ನಿಲ್ಲುತ್ತಾರೆ?

ಕೋಟೆ ಗೋಡೆಯಲ್ಲಿ ತೆಳ್ಳನೆಯ ಸ್ಲೇಟ್ ಕಲ್ಲಿನ ಸಾಲೊಂದು ಹೋಗಿರುತ್ತದೆ. ಅದರ ಕೆಳಗಿನದು ರೋಮನ್ನರು ಕಟ್ಟಿದ್ದು, ಮೇಲಿನದು ಬಿದ್ದ ಕಲ್ಲುಗಳನ್ನೇ ಎತ್ತಿ ಈಚೆಗೆ ಕಟ್ಟಿದ್ದು. ಒಳಗೆ ಕಣಜ ಹುಡುಕಿ. ನಮ್ಮ ಕಡೆ ಜೋಳ ಕೆಡದಿರಲಿ ಅಂತ ನೆಲದಡಿ ಹಗೇವಿಗೆ ಹಾಕುತ್ತಿದ್ದರು. ಇವರು ನೆಲವನ್ನೇ ಎತ್ತರಿಸಿ, ಕೆಳಗೆ ಗಾಳಿ ಆಡಲು ಬಿಟ್ಟಿದ್ದಾರೆ. ಅಲ್ಲಿಂದ ಮೇಲಕ್ಕೆ ನಡೆದರೆ ಕವಾಯತಿನ ಮೈದಾನ. ಆ ಇಳಿಜಾರಿನಲ್ಲಿ ಅಷ್ಟೊಂದು ಜಾಗ ಸಪಾಟು ಮಾಡಿದ್ದು ನೋಡಿ ನನಗೆ ಸೈನಿಕರ ಮೇಲೆ ಪಾಪ ಅನಿಸಿತು.

ನೀರು ಹೋಗದ ಬೂಟು, ಗಾಳಿ ತಡೆಯುವ ಜಾಕೆಟ್ ಜೂನ್‌ನಲ್ಲೂ ಬೇಕು. ಛತ್ರಿ ದಂಡ. ಅಲ್ಲಿ ಅಂಗಡಿ, ಶೌಚಾಲಯ ಯಾವುದೂ ಇಲ್ಲ. ನಾವು ರೊಟ್ಟಿ, ಶೇಂಗಾ ಚಟ್ನಿ, ಫ್ಲಾಸ್ಕಿನಲ್ಲಿ ಚಹಾ ಒಯ್ಯುತ್ತೇವೆ. ಕೂರುವ ಮುಂಚೆ ಕುರಿ ಹಿಕ್ಕೆ ನೋಡಿಕೊಳ್ಳಿ.

ಕಾರು ಇಲ್ಲದವರು ರೇವನ್‌ಗ್ಲಾಸ್‌ನಿಂದ ಪುಟಾಣಿ ರೈಲು ಹತ್ತಿ. ಏಳು ಮೈಲಿ ದೂರದ ಡೇಲ್‌ಗಾರ್ತ್‌ನಲ್ಲಿ ಇಳಿದು ಕೋಟೆಗೆ ಸುಮಾರು ಮೂರು ಮೈಲಿ ನಡಿಗೆ, ಕೊನೆಯದೆಲ್ಲ ಏರು. ರೇವನ್‌ಗ್ಲಾಸ್‌ನಲ್ಲೂ ಒಂದು ರೋಮನ್ ಬಚ್ಚಲುಮನೆ ಇದೆ, ಗೋಡೆ ಇನ್ನೂ ಆಳಿಗಿಂತ ಎತ್ತರ ನಿಂತಿದೆ. ಅದನ್ನು ಬೆಳಿಗ್ಗೆ ರೈಲು ಹತ್ತುವ ಮೊದಲೇ ನೋಡಿಬಿಡಿ. ಸಂಜೆ ಕೊನೆಯ ರೈಲಿಗೆ ಗುಡ್ಡ ಇಳಿದು ಓಡಿಬಂದ ಕಾಲುಗಳು ಇನ್ನೊಂದು ಬಚ್ಚಲುಮನೆಗೆ ಒಪ್ಪುವುದಿಲ್ಲ.