ಕಂದು ಹಾಕಿದ ಕುರಿ, ಬಿಡದ ಜ್ವರ

ಕುರಿಗಳು ಕಂದು ಹಾಕ್ತಿವೆ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಕಳೆದುಕೊಳ್ತಿವೆ ಅಂತ ಫೋನ್ ಬಂದರೆ ನಾನು ಮೊದಲು ಕುರಿಯ ವಿಷಯ ಕೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರಾ? ಹೃದಯದ ವಾಲ್ವ್ ತೊಂದರೆ ಇರುವವರು ಇದ್ದಾರಾ? ಈಚೆಗೆ ಯಾರಿಗಾದರೂ ಜ್ವರ ಬಂದಿದೆಯಾ? ಈ ಮೂರು ಆದ ಮೇಲೇ ಕುರಿ. "ಏನ್ ಮೇಡಮ್ಮೋರೆ, ಕುರಿ ನೋಡೋಕೆ ಕರೆದ್ರೆ ಸೊಸೆ ಬಸುರಿನಾ ಅಂತ ಕೇಳ್ತೀರಲ್ಲ" ಅಂತ ಒಬ್ಬ ಅಜ್ಜ ನಕ್ಕಿದ್ದರು. ನಗಲಿ ಬಿಡಿ. ಕುರಿ, ಮೇಕೆ, ಹಸುಗಳಿಂದ ಮನುಷ್ಯರಿಗೂ ಹರಡುವ ಕ್ಯೂ ಜ್ವರವನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಕೆಲಸ ಶುರುವಾಗುವುದೇ ಹೀಗೆ.

ನಾನು ಶಿರಾ-ಹಿರಿಯೂರು ಸೀಮೆಯ ಪಶುವೈದ್ಯೆ. ಇಲ್ಲಿ ಹಸು ಎಮ್ಮೆಗಿಂತ ಕುರಿಯೇ ಜಾಸ್ತಿ. ಮನೆ ಪಕ್ಕದಲ್ಲೇ ಕುರಿ ಕೂಡುವ ರೊಪ್ಪ, ರೊಪ್ಪದ ಪಕ್ಕದಲ್ಲೇ ಮಂಚ. ಮರಿ ಹಾಕುವ ಕಾಲದಲ್ಲಿ ಚಳಿ ಅಂತ ಮರಿಗಳನ್ನು ಒಳಗೇ ತಂದು ಮಲಗಿಸುತ್ತಾರೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಈ ರೋಗ ತರುವ ಬ್ಯಾಕ್ಟೀರಿಯಾ ಹೆಸರು ಕಾಕ್ಸಿಯೆಲ್ಲಾ ಬರ್ನೆಟಿ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕಸಾಯಿಖಾನೆಯ ಕೆಲಸಗಾರರಿಗೆ ಕಾರಣ ತಿಳಿಯದ ಜ್ವರ ಬಂತು. ಎಡ್ವರ್ಡ್ ಡೆರಿಕ್ ಎಂಬ ವೈದ್ಯರು ಅದನ್ನು ಬೆನ್ನು ಹತ್ತಿದಾಗ ಈ ರೋಗ ಬೆಳಕಿಗೆ ಬಂತು. ಸೋಂಕು ತಗುಲಿದ ಹಸು, ಕುರಿ, ಮೇಕೆ ಬಹಳಷ್ಟು ಸಲ ಏನೂ ಆಗದಂತೆ ಮೇಯ್ದುಕೊಂಡಿರುತ್ತವೆ. ಗಬ್ಬವಾದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಕುರಿ, ಮೇಕೆ ಕೊನೆಯ ದಿನಗಳಲ್ಲಿ ಕಂದು ಹಾಕುತ್ತವೆ, ಇಲ್ಲ ನಿಲ್ಲಲೂ ಆಗದ ಮರಿ ಹಾಕುತ್ತವೆ. ಹಸುಗಳಲ್ಲಿ ಅಷ್ಟೂ ಕಾಣುವುದಿಲ್ಲ. ಕಸ (ಮಾಸು) ಬೀಳದಿರುವುದು, ಗರ್ಭಕೋಶದ ಸೋಂಕು, ಗಬ್ಬ ನಿಲ್ಲದಿರುವುದು ಇಷ್ಟೇ. ಇದಕ್ಕೆಲ್ಲ ಬೇರೆ ನೂರು ಕಾರಣ ಇರುತ್ತವಲ್ಲ, ಯಾರೂ ಇದರ ಮೇಲೆ ಅನುಮಾನ ಪಡುವುದಿಲ್ಲ.

ನಾನು ಅನುಮಾನ ಪಟ್ಟ ಮಂದೆಯಲ್ಲಿ ದೀಪಾವಳಿ ಕಳೆದ ಮೇಲೆ ಒಂದರ ಹಿಂದೆ ಒಂದು ಕುರಿ ಕಂದು ಹಾಕುತ್ತಿದ್ದವು. ಇಲ್ಲಿ ಕಂದು ರೋಗ ಅಂದರೆ ಎಲ್ಲರಿಗೂ ಬ್ರುಸೆಲ್ಲಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ರೋಗವೇ. ಸ್ಥಳದಲ್ಲೇ ರಕ್ತದ ಸೀರಂ ತೆಗೆದು, ಬ್ರುಸೆಲ್ಲಾ ಪತ್ತೆಗೆ ಮಾಡುವ ರೋಸ್ ಬೆಂಗಾಲ್ ಪರೀಕ್ಷೆ ಮಾಡಿದೆ. ಯಾವುದರಲ್ಲೂ ಹರಳು ಕಟ್ಟಲಿಲ್ಲ, ಅಂದರೆ ನೆಗೆಟಿವ್. ಕಸದ ಗಂಟುಗಳಿಂದ ಸ್ಲೈಡ್ ಮಾಡಿ ಬಣ್ಣ ಹಚ್ಚಿದೆ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಚುಕ್ಕಿಗಳು ಗುಂಪು ಗುಂಪಾಗಿದ್ದವು. ಸ್ಲೈಡ್ ನೋಡಿ ತೀರ್ಪು ಕೊಡಬಾರದು. ಬ್ರುಸೆಲ್ಲಾ, ಕ್ಲಮೈಡಿಯಾ ಕೂಡ ಅದೇ ಬಣ್ಣದಲ್ಲಿ ಹಾಗೇ ಕಾಣುತ್ತವೆ. ಅನುಮಾನಕ್ಕೆ ಅದು ಸಾಕು, ಅಷ್ಟೇ.

ಬೆಂಗಳೂರಿನ ಪ್ರಯೋಗಾಲಯಕ್ಕೆ ಪಿಸಿಆರ್‌ಗೆ ಕಳಿಸಿದ್ದು ಕಸದ ತುಂಡು, ಸತ್ತ ಮರಿಯ ಹೊಟ್ಟೆಯೊಳಗಿನ ದ್ರವ, ಕಂದು ಹಾಕಿ ವಾರ ಕಳೆಯದ ಕುರಿಗಳ ಯೋನಿ ಸ್ವಾಬ್. ತಡ ಮಾಡಿದರೆ ಸ್ವಾಬಿನಲ್ಲಿ ಸಿಗುವುದು ಕಡಿಮೆ. ಒಂದೇ ಕುರಿಯ ಮಾದರಿ ಕಳಿಸಿ ಸುಮ್ಮನಾಗಬಾರದು, ಕಂದು ಹಾಕಿದ ನಾಲ್ಕಾರು ಕುರಿಗಳದ್ದಾದರೂ ಬೇಕು. ಮೂರು ಪದರ ಪ್ಯಾಕಿಂಗ್, ಐಸ್, ಹೊರಗಡೆ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ. ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವ ಹಳೇ ಪದ್ಧತಿ ಇದಕ್ಕೆ ಬೇಡವೇ ಬೇಡ. ಈ ಬ್ಯಾಕ್ಟೀರಿಯಾವನ್ನು ಬೆಳೆಸಲು ಅತಿ ಭದ್ರತೆಯ ಪ್ರಯೋಗಾಲಯ ಬೇಕು. ಮನುಷ್ಯರಿಗೆ ಸೋಂಕು ತಗುಲಲು ಕೆಲವೇ ಕೆಲವು ಬ್ಯಾಕ್ಟೀರಿಯಾ ಸಾಕು.

ವರದಿ ಪಾಸಿಟಿವ್ ಅಂತ ಬಂತು. ಆದರೆ ಅದಕ್ಕೆ ಕಾಯುತ್ತಾ ಕೂತಿದ್ದರೆ ಏನು ಪ್ರಯೋಜನ? ಮಾಡಬೇಕಾದ ಕೆಲಸವೆಲ್ಲ ಮೊದಲ ದಿನವೇ ಇತ್ತು. ಅದು ಕಸದ ಕೆಲಸ.

ಸೋಂಕಿರುವ ಕುರಿಯ ಒಂದು ಗ್ರಾಂ ಕಸದಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಕಸ ಒಣಗುತ್ತದೆ, ಹಿಕ್ಕೆ ಜೊತೆ ಪುಡಿಯಾಗುತ್ತದೆ, ಗಾಳಿಗೆ ಏಳುತ್ತದೆ. ಈ ಬ್ಯಾಕ್ಟೀರಿಯಾ ಒಣ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನೆದರ್ಲೆಂಡ್ಸಿನಲ್ಲಿ 2007ರಿಂದ 2010ರವರೆಗೆ ಮೇಕೆ ಡೈರಿಗಳಿಂದ ಗಾಳಿಯಲ್ಲೇ ಹರಡಿ 4,000ಕ್ಕೂ ಹೆಚ್ಚು ಜನರಿಗೆ ರೋಗ ಬಂತು. ಅವರಲ್ಲಿ ಬಹಳಷ್ಟು ಜನ ಮೇಕೆ ಮುಟ್ಟಿದವರೇ ಅಲ್ಲ, ಆಸುಪಾಸಿನಲ್ಲಿ ವಾಸವಿದ್ದವರು. ಕೊನೆಗೆ ಅಲ್ಲಿನ ಸರ್ಕಾರ ಹತ್ತಾರು ಸಾವಿರ ಗಬ್ಬದ ಮೇಕೆಗಳನ್ನು ಕೊಲ್ಲಿಸಿತು. ನಮ್ಮ ಕುರಿಗಾಹಿಗೆ ಅಂಥ ಸಲಹೆ ಕೊಡಲು ನನಗೆ ಬಾಯಿ ಬರುವುದಿಲ್ಲ. ಅವರ ಬ್ಯಾಂಕೇ ಆ ಮಂದೆ.

ಹಾಗಾಗಿ ಗುಂಡಿ ತೋಡಿಸಿದೆ. ಎದೆಮಟ್ಟದ ಗುಂಡಿ, ಕುಡಿಯುವ ನೀರಿನಿಂದ ದೂರ. ಸತ್ತ ಮರಿ, ಕಸ, ಅದು ಬಿದ್ದ ಹುಲ್ಲು ಮಣ್ಣು ಎಲ್ಲ ಅದರೊಳಗೆ, ಮೇಲೆ ಸುಣ್ಣ, ಆಮೇಲೆ ಮಣ್ಣು, ನಾಯಿ ಕೆದಕದಂತೆ ಮುಳ್ಳು. ತಿಪ್ಪೆಗೆ ಎಸೆಯಬಾರದು, ನಾಯಿಗೆ ಹಾಕಬಾರದು. ರೊಪ್ಪ ಗುಡಿಸುವ ಮೊದಲು ನೀರು ಚಿಮುಕಿಸಬೇಕು. ಒಣ ಕಸಪೊರಕೆ ಆಡಿಸುವ ಹೆಣ್ಣುಮಕ್ಕಳ ಮೂಗಿಗೇ ಮೊದಲು ಧೂಳು ಹೋಗುವುದು. ಕಂದು ಹಾಕಿದ ಕುರಿಗಳನ್ನು ಬೇರೆ ಕಟ್ಟಿಸಿದೆ. ಆ ವರ್ಷ ಗೊಬ್ಬರಕ್ಕೆಂದು ಬೇರೆಯವರ ಹೊಲದಲ್ಲಿ ಮಂದೆ ತರುಬುವುದು (ಕೂಡಿಹಾಕುವುದು) ಬೇಡ ಎಂದೆ. ಇದೇ ಕಷ್ಟದ ಮಾತು. ಮಂದೆ ತರುಬಿದರೆ ಕಾಸು ಬರುತ್ತದೆ. ಕಂದು ನಿಂತು, ರೊಪ್ಪ ತೊಳೆದು, ಗೊಬ್ಬರ ಮುಚ್ಚಿ ಕೊಳೆಸುವವರೆಗೆ ಅಂತ ಒಪ್ಪಂದವಾಯಿತು.

ಹಸುವಿನ ಕಸದ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಅದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಆಲದಲ್ಲಿ ಹಾಲಿದೆ, ಹಸುವಿಗೂ ಹಾಲಾಗಲಿ ಎಂಬ ನಂಬಿಕೆ. ಕಾಗೆ ಎಳೆದಾಡುತ್ತದೆ, ರಸ ಸೋರುತ್ತದೆ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಮೂಢನಂಬಿಕೆ ಅಂತ ಬೈದರೆ ಆ ಮನೆಯವರು ಮುಂದಿನ ಸಲ ನನಗೆ ಹೇಳುವುದೇ ಇಲ್ಲ. "ಅಮ್ಮಾ, ಆಲದ ಮರಕ್ಕೇ ಸಲ್ಲಲಿ. ಕೊಂಬೆಗೆ ಬೇಡ, ಬುಡದಲ್ಲಿ ಗುಂಡಿ ತೋಡಿ ಹೂಳಿ" ಎಂದೆ. ಒಪ್ಪಿದರು. ಹಾಲು ಕಡಿಮೆಯಾಯಿತು ಎಂಬ ದೂರು ಈವರೆಗೆ ಬಂದಿಲ್ಲ.

ಇನ್ನು ಔಷಧ. ಇಡೀ ಮಂದೆಗೆ ಟೆಟ್ರಾಸೈಕ್ಲಿನ್ ಸೂಜಿ ಹಾಕಿ ಅಂತ ಒತ್ತಾಯ ಬರುತ್ತದೆ. ಕಂದು ಸ್ವಲ್ಪ ಕಡಿಮೆಯಾಗಬಹುದು, ಆದರೆ ಬ್ಯಾಕ್ಟೀರಿಯಾ ಹೊರಬರುವುದು ನಿಲ್ಲುವುದಿಲ್ಲ. ನಾನು ಹಾಕುವುದಿಲ್ಲ. "ಕಂದು ರೋಗದ ಲಸಿಕೆ ಹಾಕ್ಸಿದ್ದೀವಲ್ಲ" ಎನ್ನುವವರಿಗೆ ಹೇಳುವುದಿಷ್ಟು: ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವುದು ಬ್ರುಸೆಲ್ಲಾ ಲಸಿಕೆ, ಅದು ಇದಕ್ಕೆ ತಡೆಯಲ್ಲ. ಉಣ್ಣೆ ಹುಳುಗಳಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದೆ. ಕಿತ್ತು ಉಗುರಲ್ಲಿ ಚಿಟ್ ಅನ್ನಿಸುವ ಚಟ ನಮ್ಮವರಿಗೆ ಬಹಳ. ಸೀಮೆಎಣ್ಣೆ ಡಬ್ಬಿಯೊಳಗೆ ಹಾಕಿ ಎನ್ನುತ್ತೇನೆ.

ಕುರಿಗಳು ಕಂದು ಹಾಕಿದ ಆ ಮನೆಯ ಮಗನಿಗೆ ಆಗಲೇ ಜ್ವರ ಇತ್ತು. ಕಣ್ಣಿನ ಹಿಂದೆ ಸಿಡಿಯುವಂಥ ತಲೆನೋವು, ಮೈಕೈ ನೋವು, ಒಣ ಕೆಮ್ಮು. ಟೈಫಾಯ್ಡ್ ಅಂತ ಮಾತ್ರೆ ನಡೆಯುತ್ತಿತ್ತು. ನಾನು ಮನುಷ್ಯರ ಡಾಕ್ಟರ್ ಅಲ್ಲ, ಔಷಧ ಹೇಳುವುದು ನನ್ನ ಕೆಲಸವಲ್ಲ. ಆದರೆ ಒಂದು ಚೀಟಿ ಬರೆಯಬಹುದು: ಈ ಮನೆಯ ಕುರಿಗಳು ಕಂದು ಹಾಕಿವೆ, ಇವರು ಬರಿಗೈಯಲ್ಲಿ ಮರಿ ಎಳೆದಿದ್ದಾರೆ, ಬ್ರುಸೆಲ್ಲಾ ಪರೀಕ್ಷೆ ನೆಗೆಟಿವ್, ಕ್ಯೂ ಜ್ವರದ ಅನುಮಾನವಿದೆ. ಆ ಚೀಟಿ ನೋಡಿದ ವೈದ್ಯರು ನನಗೇ ಫೋನ್ ಮಾಡಿದರು. ರಕ್ತ ತೆಗೆದಿಟ್ಟುಕೊಂಡು ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 14 ದಿನ ಕೊಡುತ್ತಾರೆ. ಬೇಗ ಜ್ವರ ಬಿಟ್ಟಿತು. ಮೊದಲ ರಕ್ತದಲ್ಲಿ ಏನೂ ಸಿಗಲಿಲ್ಲ. ಮೂರು ವಾರದ ನಂತರ ತೆಗೆದ ರಕ್ತದಲ್ಲಿ ಪ್ರತಿಕಾಯ ನಾಲ್ಕು ಪಟ್ಟಿಗಿಂತ ಮೇಲೇರಿತ್ತು. ಜ್ವರ ಬಿಟ್ಟ ಮೇಲೆ ಮತ್ತೆ ರಕ್ತ ಕೊಡಲು ನಮ್ಮ ಜನ ಎಲ್ಲಿ ಬರುತ್ತಾರೆ? ಇವನನ್ನು ಅವನ ಅಮ್ಮ ಗದರಿಸಿ ಕರೆತಂದರು, ಅದಕ್ಕೆ ಗೊತ್ತಾಯಿತು. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಇದೇ ಮಾತ್ರೆ ಕೆಲಸ ಮಾಡುತ್ತದೆ. ಹಾಗಾಗಿ ಎಷ್ಟೋ ಕ್ಯೂ ಜ್ವರ ಹೆಸರೇ ಇಲ್ಲದೆ ಬಂದು ಹೋಗುತ್ತಿರಬೇಕು ಎಂಬುದು ನನ್ನ ಗುಮಾನಿ.

ಸೋಂಕು ತಗುಲಿದ ಅರ್ಧಕ್ಕಿಂತ ಹೆಚ್ಚು ಜನರಿಗೆ ಏನೂ ಆಗುವುದಿಲ್ಲ. ನನ್ನ ರಕ್ತವನ್ನೂ ಕಳಿಸಿದ್ದೆ, ಹಳೆಯ ಸೋಂಕಿನ ಗುರುತು ಇತ್ತು. ಯಾವಾಗ ಬಂತೋ, ಯಾವ ಕೊಟ್ಟಿಗೆಯಲ್ಲೋ. ಭಯ ಇರುವುದು ಬೇರೆ ಕಡೆ. ವಾಲ್ವ್ ಕೆಟ್ಟವರಲ್ಲಿ, ವಾಲ್ವ್ ಬದಲಿಸಿಕೊಂಡವರಲ್ಲಿ ಇದು ತಿಂಗಳುಗಳ ನಂತರ ಹೃದಯಕ್ಕೆ ಹೋಗಿ ಕೂರಬಹುದು. ಆಗ ಚಿಕಿತ್ಸೆ ಒಂದೂವರೆ ವರ್ಷಕ್ಕಿಂತ ಕಡಿಮೆ ಇಲ್ಲ. ಬಸುರಿಯರಲ್ಲಿ ಗರ್ಭಪಾತ ಆಗಬಹುದು. ಅವರಿಗೆ ಔಷಧವೂ ಬೇರೆ. ಮೊದಲ ಮೂರು ಪ್ರಶ್ನೆಗಳು ಅದಕ್ಕೇ. ಅಜ್ಜನ ಸೊಸೆ ನಿಜಕ್ಕೂ ಬಸುರಿ ಇದ್ದಳು. ಮರಿ ಹಾಕುವ ಕಾಲ ಮುಗಿಯುವವರೆಗೆ ತವರಿಗೆ ಕಳಿಸಿ, ಜೊತೆಗೆ ಸ್ತ್ರೀರೋಗ ತಜ್ಞರಿಗೆ ಇದೇ ಚೀಟಿ ತೋರಿಸಿ ಎಂದೆ.

ಹಾಲಿನ ಬಗ್ಗೆ ಪೇಟೆಯವರೇ ಜಾಸ್ತಿ ಕೇಳುತ್ತಾರೆ. ಹಸು ಈ ಬ್ಯಾಕ್ಟೀರಿಯಾವನ್ನು ಹಾಲಿನಲ್ಲಿ ತಿಂಗಳುಗಟ್ಟಲೆ ಬಿಡುತ್ತದೆ, ನಿಜ. ಆದರೆ ಪಾಶ್ಚರೀಕರಣದ 72 ಡಿಗ್ರಿಯಲ್ಲಿ 15 ಸೆಕೆಂಡಿಗೇ ಅದು ಸಾಯುತ್ತದೆ. ಉಕ್ಕಿಸಿ ಕುಡಿಯುವ ನಮಗೆ ಹಾಲಿನಿಂದ ಅಂಥ ಅಪಾಯವಿಲ್ಲ, ಗಿಣ್ಣೂ ಬೇಯಿಸಿಯೇ ಮಾಡುವುದಲ್ವಾ. ಹಸಿ ಹಾಲೇ ಆರೋಗ್ಯ ಅಂತ ಹೊಸದಾಗಿ ಶುರು ಮಾಡಿರುವವರ ಜೊತೆ ಮಾತ್ರ ನಾನು ಜಗಳಕ್ಕೆ ಸಿದ್ಧ.

ನನ್ನ ಗಾಡಿಯ ಡಿಕ್ಕಿಯಲ್ಲಿ ಈಗ ತೋಳುದ್ದದ ಗ್ಲೌಸ್, ಎನ್-95 ಮಾಸ್ಕ್, ಕನ್ನಡಕ, ಗಂಬೂಟು, ಬ್ಲೀಚಿಂಗ್ ಪುಡಿ ಸದಾ ಇರುತ್ತವೆ. ಹಾಕಿದ್ದ ಬಟ್ಟೆಯನ್ನು ಮನೆ ಹೊರಗೇ ಬಿಸಿನೀರಿಗೆ ಹಾಕುತ್ತೇನೆ. ಮಾಸ್ಕ್ ಹಾಕಿ ಹೆರಿಗೆ ಮಾಡಿಸಲು ಸೆಖೆಯಲ್ಲಿ ಕಷ್ಟ, ಕನ್ನಡಕ ಮಂಜಾಗುತ್ತದೆ. ನಮ್ಮ ಸಹಾಯಕರಿಗೂ ಹಾಕಿಸುತ್ತೇನೆ. ಕಸ ಎತ್ತುವವರು ಅವರೇ, ನನಗಿಂತ ಹೆಚ್ಚು ಹತ್ತಿರ ಬಗ್ಗುವವರೂ ಅವರೇ.