ಸೈಕೋಸಿಸ್ ಆರಂಭದ ದಿನಗಳಲ್ಲಿ ಥೈರಾಯ್ಡ್ ತೊಂದರೆ: ನಿಭಾಯಿಸುವುದು ಹೇಗೆ?

ಯಾರೂ ಇಲ್ಲದ ಕಡೆ ಧ್ವನಿ ಕೇಳಿಸುವುದು, ಮನೆಯವರೇ ಕೇಡು ಬಗೆಯುತ್ತಿದ್ದಾರೆಂಬ ಬಲವಾದ ಅನುಮಾನ ಮೂಡುವುದು ಇವೆಲ್ಲ ಸೈಕೋಸಿಸ್‌ನ ಲಕ್ಷಣಗಳು. ಇವು ಮೊದಲ ಬಾರಿ ಕಾಣಿಸಿಕೊಂಡಾಗ ಮನೋವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಥೈರಾಯ್ಡ್ ಪರೀಕ್ಷೆಯೂ ಸಾಮಾನ್ಯವಾಗಿ ಇರುತ್ತದೆ. ಅದನ್ನು ಅನಗತ್ಯ ಖರ್ಚೆಂದು ಕೈಬಿಡಬಾರದು. ಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆಯಾದರೂ, ತೀರಾ ಹೆಚ್ಚಾದರೂ ಮನಸ್ಸು ಕದಡಬಹುದು. ಥೈರಾಯ್ಡ್ ಕೊರತೆಯಿಂದ ಹೀಗಾದ 14 ರೋಗಿಗಳ ವಿವರವನ್ನು ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1949ರಲ್ಲೇ ಪ್ರಕಟಿಸಿದ್ದರು.

ಮೊದಲು, ಸಾಧ್ಯವಾದರೆ ಔಷಧ ಶುರುವಾಗುವ ಮುನ್ನವೇ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಮತ್ತು ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಪರೀಕ್ಷೆ ಮಾಡಿಸಿ, ವರದಿಯನ್ನು ಜೋಪಾನವಾಗಿಡಿ. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಗ್ರಂಥಿಗೆ ಯಾವ ರೋಗವಿಲ್ಲದಿದ್ದರೂ ಈ ಅಂಕಿಗಳು ತಾತ್ಕಾಲಿಕವಾಗಿ ಏರುಪೇರಾಗುವುದುಂಟು. ಆದ್ದರಿಂದ ವ್ಯತ್ಯಾಸ ಅಲ್ಪವಾಗಿದ್ದರೆ ವೈದ್ಯರು ಕೆಲವು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ ನಿರ್ಧರಿಸುತ್ತಾರೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ತಿಳಿಸಿ, ಅದು ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

ಕೊರತೆ ಖಚಿತವಾಗಿ ಅದನ್ನು ತುಂಬುವ ಥೈರಾಕ್ಸಿನ್ ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ, ಮಾತ್ರೆ ನುಂಗುವ ಕ್ರಮವೇ ಅರ್ಧ ಚಿಕಿತ್ಸೆ. ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಕಾಫಿ ಬೇಕು, ಆದರೆ ಕಾಫಿ ಈ ಔಷಧವನ್ನು ಮೈಗೆ ಹತ್ತಗೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿಸಿ, ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ, ತಿಂಡಿ ಕೊಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ. ಬೇಗ ಗುಣವಾಗಲೆಂದು ಪ್ರಮಾಣ ಹೆಚ್ಚಿಸಬೇಡಿ; ಹೆಚ್ಚಾದ ಥೈರಾಕ್ಸಿನ್ ಎದೆಬಡಿತ, ಚಡಪಡಿಕೆ, ನಿದ್ದೆಗೇಡನ್ನು ತಂದು ಸೈಕೋಸಿಸ್ ಮರುಕಳಿಸಿತೇನೋ ಎಂಬ ಗೊಂದಲ ಹುಟ್ಟಿಸುತ್ತದೆ. ಸರಿಯಾದ ಪ್ರಮಾಣ ತಿಳಿಯಲು 6ರಿಂದ 8 ವಾರಗಳ ನಂತರ ಮತ್ತೆ ಟಿಎಸ್‌ಎಚ್ ನೋಡಬೇಕು.

ಮನೆಯವರಿಗೆ ನಿಜವಾಗಿ ಕಷ್ಟವಾಗುವುದು ಲಕ್ಷಣಗಳನ್ನು ಬೇರ್ಪಡಿಸುವುದು. ಹುಡುಗ ದಿನವಿಡೀ ಮಲಗಿರುತ್ತಾನೆ, ದಪ್ಪವಾಗಿದ್ದಾನೆ, ಯಾರೊಂದಿಗೂ ಮಾತಿಲ್ಲ ಎಂದರೆ ಕಾರಣ ಥೈರಾಯ್ಡ್ ಕೊರತೆಯಿರಬಹುದು, ಸೈಕೋಸಿಸ್‌ಗೆ ಕೊಡುವ ಓಲಾಂಜಪಿನ್‌ನಂಥ ಮಾತ್ರೆಯಿರಬಹುದು, ಸೈಕೋಸಿಸ್ಸೇ ಇರಬಹುದು. ಸೋಮಾರಿತನವೆಂದು ಬೈಯುವುದು ಅನ್ಯಾಯ. ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣಚರ್ಮ ಜೊತೆಗಿದ್ದರೆ ಅವನ್ನು ವೈದ್ಯರಿಗೆ ಹೇಳಿ. ಮುಟ್ಟು ತಪ್ಪಿದರೆ ಸೈಕೋಸಿಸ್‌ನ ಇನ್ನೊಂದು ಮಾತ್ರೆಯಾದ ರಿಸ್ಪೆರಿಡೋನ್ ಕಾರಣವೆಂದುಕೊಂಡು ಸುಮ್ಮನಾಗದೆ ಟಿಎಸ್‌ಎಚ್ ಕೂಡ ನೋಡುವುದು ಒಳ್ಳೆಯದು, ಏಕೆಂದರೆ ಆ ಮಾತ್ರೆ, ಥೈರಾಯ್ಡ್ ಕೊರತೆ ಎರಡೂ ಮುಟ್ಟನ್ನು ತಡೆಯಬಲ್ಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸಬಲ್ಲವು.

ಮನಸ್ಥಿತಿಯ ಏರಿಳಿತ ತಡೆಯುವ ಲಿಥಿಯಂ ಔಷಧ ಕೊಟ್ಟಿದ್ದರೆ ಪ್ರತಿ 6 ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆ ಬೇಕೇ ಬೇಕು. ಅದರಿಂದ ಕೊರತೆ ಉಂಟಾದರೂ ಲಿಥಿಯಂ ಅನ್ನು ನೀವಾಗಿ ನಿಲ್ಲಿಸಬೇಡಿ. ಅನೇಕರಿಗೆ ಅದರ ಜೊತೆಗೇ ಥೈರಾಕ್ಸಿನ್ ಸೇರಿಸಿ ನಿಭಾಯಿಸಲಾಗುತ್ತದೆ.

ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಿ ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಶುರುಮಾಡಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಪರೂಪಕ್ಕೆ ಅದು ಬಿಳಿರಕ್ತಕಣಗಳನ್ನು ಅಪಾಯಕಾರಿಯಾಗಿ ತಗ್ಗಿಸುತ್ತದೆ, ಸೈಕೋಸಿಸ್ ಔಷಧವಾದ ಕ್ಲೋಜಪಿನ್‌ಗೂ ಅದೇ ದೋಷವಿದೆ. ಆದ್ದರಿಂದ ಮನೋವೈದ್ಯರು, ಥೈರಾಯ್ಡ್ ವೈದ್ಯರು ಇಬ್ಬರಿಗೂ ಎಲ್ಲ ಮಾತ್ರೆಗಳ ಪಟ್ಟಿಯನ್ನು ತೋರಿಸಿ. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳುವಾಗಲೂ ಜ್ವರ ಅಥವಾ ಗಂಟಲುನೋವು ಬಂದರೆ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತಕಣಗಳ ಎಣಿಕೆ ಮಾಡಿಸಬೇಕು.