ಬೆಳ್ಳುಳ್ಳಿ ಬಾಗಿದರೆ ಪುಡಿ ಕೆಟ್ಟಿತು ಅಂತಲೇ ತಿಳ್ಕೊಳ್ಳಿ

ಈಗಿನ ಹುಡುಗರಿಗೆ ಮೆಕ್ಸಿಕೋ, ಕೆರಿಬಿಯನ್ ಸಮುದ್ರದ ಪೋರ್ಟೊರಿಕೋ ದ್ವೀಪದ ಕಡೆಯ ಮಸಾಲೆ ಪುಡಿ ಬೇಕು. ಮಾಡಿಕೊಳ್ಳಲಿ, ಬೇಡ ಅನ್ನೋರು ಯಾರು? ಆದರೆ ಮಾಡೋ ರೀತಿ ನೋಡಿದರೆ ಮೈ ಉರಿಯುತ್ತೆ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಣಸಿನಕಾಯಿ ಎಲ್ಲ ಒಂದೇ ಬಾಣಲೆಗೆ ಸುರಿಯೋದು, ದೊಡ್ಡ ಉರಿಯಲ್ಲಿ ಮನೆಯೆಲ್ಲ ಘಾಟು ಎಬ್ಬಿಸೋದು, ಕೊನೆಗೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ ಮಿಕ್ಸಿಗೆ ಎಸೆದು ಗರ್ ಅನ್ನಿಸೋದು. ವಾರ ಕಳೆದು ಡಬ್ಬಿ ತೆಗೆದರೆ ಒಳಗೆ ಗಂಟು, ಮುಗ್ಗುಲು ವಾಸನೆ. ಆಮೇಲೆ ಅಂಗಡಿ ಪೊಟ್ಟಣವೇ ವಾಸಿ ಅಂತ ನಮಗೇ ಪಾಠ ಹೇಳ್ತಾರೆ.

ಆ ಕಡೆಯವರು ಇಡೋದು ಒಂದೇ ಪುಡಿ ಅಲ್ಲ, ಮೊದಲು ಅದು ಗೊತ್ತಿರಲಿ. ಅಡೋಬೋ ಅಂದರೆ ಬೆಳ್ಳುಳ್ಳಿ, ಉಪ್ಪು, ಮೆಣಸು, ಒರೆಗಾನೊ ಅನ್ನೋ ಘಮದ ಸೊಪ್ಪು ಮುಂದಿರುವ ಪುಡಿ. ಅರಿಸಿನ ಬೀಳೋದೂ ಉಂಟು. ಸಾಸೋನ್ ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಬೆಳ್ಳುಳ್ಳಿ ಜೊತೆಗೆ ಅನಾಟೋ ಬೀಜದ ಕೆಂಪು ಸೇರಿದ್ದು. ಮೆಕ್ಸಿಕೋಗೆ ಹೋದರೆ ಮೆಣಸಿನಕಾಯಿಯದೇ ಯಜಮಾನಿಕೆ. ನಮ್ಮ ಸಾರಿನ ಪುಡಿ ಬಲ್ಲವರಿಗೆ ಹತ್ತಿರವಾಗೋದು ಸಾಸೋನ್, ಅದನ್ನೇ ಹೇಳ್ತೀನಿ. ಚಕ್ಕೆ, ಲವಂಗ, ಏಲಕ್ಕಿ ಮುಟ್ಟಬೇಡಿ. ಹಾಕಿದರೆ ಪಲಾವ್ ಪುಡಿ ಆಗುತ್ತೆ. ಮೆಂತ್ಯಕ್ಕೂ ಇಲ್ಲಿ ಕೆಲಸವಿಲ್ಲ.

ಸಾಮಾನು ಹೆಚ್ಚೇನಿಲ್ಲ. ಕೊತ್ತಂಬರಿ ಬೀಜ ಎರಡು ಹಿಡಿ, ಜೀರಿಗೆ ಒಂದು ಹಿಡಿಗಿಂತ ಕೊಂಚ ಕಡಿಮೆ, ಕಾಳುಮೆಣಸು ಒಂದು ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ಹತ್ತು ಹನ್ನೆರಡು, ಅರಿಸಿನ ಪುಡಿ ಒಂದು ಚಿಕ್ಕ ಚಮಚ, ಒಣಗಿದ ಬೆಳ್ಳುಳ್ಳಿ ಒಂದು ತುಂಬಿದ ಹಿಡಿ, ಕಲ್ಲುಪ್ಪೂ ಬೆಳ್ಳುಳ್ಳಿಯಷ್ಟೇ. ಒರೆಗಾನೊ ಜಾಗಕ್ಕೆ ಏನು ಅನ್ನೋದು ಮುಂದೆ. ಅನಾಟೋ ಅನ್ನೋದು ಮುಳ್ಳುಮುಳ್ಳು ಕಾಯೊಳಗಿನ ಕೆಂಪು ಬೀಜ. ಸಿಕ್ಕರೆ ಹಾಕಿ, ಆದರೆ ಅದು ಜಲ್ಲಿಯಷ್ಟು ಗಟ್ಟಿ, ಮನೆ ಮಿಕ್ಸಿಯ ಬ್ಲೇಡು ಹೋಗುತ್ತೆ. ಅದರ ಬಣ್ಣ ಎಣ್ಣೆಯಲ್ಲೇ ಬಿಡೋದು. ಹಾಗಾಗಿ ಬೀಜವನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಸೋಸಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡೋದು ಸರಿ. ಪುಡಿಗೆ ಬ್ಯಾಡಗಿ ಸಾಕು. ನಮ್ಮ ತುಮಕೂರಿನ ಮಂಡಿಪೇಟೆಯಲ್ಲಿ ಡಬ್ಬಿ ಬ್ಯಾಡಗಿ ಅಂತ ಕೇಳಿ ತನ್ನಿ. ದಪ್ಪಗೆ, ಸುಕ್ಕುಸುಕ್ಕಾಗಿ ಇರುತ್ತೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ತೊಟ್ಟು ಮುರಿದು ಬೀಜ ಪೂರ್ತಿ ಉದುರಿಸಿ. ಈ ಪುಡಿ ಬಾಯಿ ಉರಿಸಬಾರದು. ಗುಂಟೂರು ಮೆಣಸಿನಕಾಯಿ ಹಾಕಿಬಿಟ್ಟು 'ಯಾಕಜ್ಜಿ ಇಷ್ಟು ಖಾರ' ಅಂದರೆ ನಾನೇನು ಹೇಳಲಿ.

ಹುರಿಯೋದು ಬೇರೆ, ಒಣಗಿಸೋದು ಬೇರೆ. ಇದೊಂದು ತಲೆಗೆ ಹೋಗಲ್ಲ ನಿಮಗೆ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿಯಬೇಕು, ಅದೂ ಒಂದೊಂದೇ. ಕೊತ್ತಂಬರಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ತಗೊಳ್ಳುತ್ತೆ, ಜೀರಿಗೆ ಎರಡು ನಿಮಿಷಕ್ಕೇ ಕಪ್ಪಾಗುತ್ತೆ. ಒಟ್ಟಿಗೆ ಹಾಕಿದರೆ ಒಂದು ಹಸಿ, ಇನ್ನೊಂದು ಸೀದದ್ದು. ಜೀರಿಗೆ ಸೀದರೆ ಆ ಕಹಿ ಪುಡಿಯುದ್ದಕ್ಕೂ ನಿಲ್ಲುತ್ತೆ, ಎಷ್ಟು ಕೊತ್ತಂಬರಿ ಸುರಿದರೂ ಮುಚ್ಚಲ್ಲ. ಮೆಣಸಿನಕಾಯಿ ಹುರಿಯಬೇಡಿ. ಬಿಸಿಲಲ್ಲಿಟ್ಟು ಗರಗರ ಅನ್ನಿಸಿದರೆ ಬಣ್ಣ ಉಳಿಯುತ್ತೆ. ಅರಿಸಿನ ಪುಡಿಗೆ ಯಾವುದೂ ಬೇಡ, ಕೊನೆಗೆ ಬೆರೆಸಿದರೆ ಆಯಿತು.

ಈಗ ಬೆಳ್ಳುಳ್ಳಿ. ಪುಡಿಯ ಭವಿಷ್ಯ ಇರೋದೇ ಇಲ್ಲಿ, ಸಾವಧಾನವಾಗಿ ಕೇಳಿಸಿಕೊಳ್ಳಿ. ಶಿವರಾತ್ರಿ ಕಳೆದು ಯುಗಾದಿವರೆಗಿನ ನಮ್ಮ ತುಮಕೂರಿನ ಬಿಸಿಲೇ ಇದಕ್ಕೆ ಸರಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕೋದೇ ತಪ್ಪು. ನಾಲ್ಕೈದು ಗಡ್ಡೆ ತಗೊಳ್ಳಿ, ಸಿಪ್ಪೆ ಒಣಗಿ ಚರಚರ ಅನ್ನೋದೇ ಬೇಕು. ಎಸಳು ಸುಲಿಯೋಕೆ ಬಿಸಿನೀರಿನಲ್ಲಿ ನೆನೆಸೋ ಅಭ್ಯಾಸ ಒಂದು ಬಂದಿದೆ ನೋಡಿ, ಸುಲಿಯೋದು ಸುಲಭ ಅಂತ. ಒಣಗಿಸೋಕೆ ಹೊರಟ ಪದಾರ್ಥಕ್ಕೆ ನೀರು ಕುಡಿಸ್ತಾರಾ ಯಾರಾದರೂ? ಚಾಕುವಿನ ಹಿಂಬದಿಯಿಂದ ಒಂದು ಏಟು ಕೊಡಿ, ಸಿಪ್ಪೆ ತಾನೇ ಬಿಡುತ್ತೆ. ಏಟು ಮೆಲ್ಲಗಿರಲಿ, ಎಸಳು ಜಜ್ಜಬಾರದು. ಎಸಳು ಸೀಳಿ ಒಳಗೆ ಹಸಿರು ಮೊಳಕೆ ಇದ್ದರೆ ಕಿತ್ತೆಸೆಯಿರಿ, ಅದು ಕಹಿ ಮತ್ತು ಬೇಗ ಒಣಗಲ್ಲ.

ಆಮೇಲೆ ಹೆಚ್ಚೋದು. ಹಿಂದಿರುವ ಬೆರಳು ಮಸುಕಾಗಿ ಕಾಣಬೇಕು, ಅಷ್ಟು ತೆಳು, ಎಲ್ಲವೂ ಒಂದೇ ಸಮ. ಒಂದು ದಪ್ಪ ಒಂದು ತೆಳು ಆದರೆ ತೆಳುವಿನದು ಕೆಂಪಾಗಿ ದಪ್ಪದ್ದು ಒಳಗೆ ಹಸಿ ಉಳಿಯುತ್ತೆ, ಡಬ್ಬಿ ಹಾಳು ಮಾಡೋದು ಆ ಒಂದು ಚೂರೇ. ಜಜ್ಜಿ ಒಣಗಿಸೋರೂ ಇದ್ದಾರೆ. ಜಜ್ಜಿದರೆ ಮೇಲೆ ಪೊರೆ ಕಟ್ಟಿ ಒಳಗಿನ ತೇವ ಹೊರಗೆ ಬರೋದೇ ಇಲ್ಲ. ಮೊರದ ಮೇಲೆ ಹಳೇ ಬಿಳಿ ಪಂಚೆ ಹಾಸಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಸ್ಟೀಲ್ ತಟ್ಟೆ ಬೇಡ, ಬಿಸಿಲಿಗೆ ಕಾದು ಅಂಚೆಲ್ಲ ಕಂದು ಮಾಡಿ ಅಂಟಿಸಿಬಿಡುತ್ತೆ. ಮೊರಕ್ಕೆ ಕೆಳಗಿನಿಂದಲೂ ಗಾಳಿ ಆಡುತ್ತೆ. ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಸಾಯಂಕಾಲ ನಾಲ್ಕಕ್ಕೆ ಒಳಗೆ ತನ್ನಿ. ಬಿಸಿಲು ಇಳಿದ ಮೇಲೂ ಬಿಟ್ಟರೆ ಹಗಲು ಹೋದ ತೇವ ಅರ್ಧ ವಾಪಸ್ ಬರುತ್ತೆ. ರಾತ್ರಿ ತೆಳು ಬಟ್ಟೆ ಹೊದಿಸಿ, ಮುಚ್ಚಳ ಹಾಕಬೇಡಿ, ಬೆವರುತ್ತೆ. ಮಾರನೇ ದಿನ ಒಂದೊಂದನ್ನೂ ತಿರುವಿ ಹಾಕಿ. ಹೌದು, ಒಂದೊಂದನ್ನೂ. ಫೋನು ನೋಡ್ಕೊಂಡು ಕೂರೋಕೆ ಪುರುಸೊತ್ತು ಇದೆಯಲ್ಲ.

ಮೂರನೇ ದಿನ ಮುರಿದು ನೋಡಿ. ಟಪ್ ಅಂತ ಮುರಿಯಬೇಕು. ಬಾಗಿತೋ, ಇನ್ನೂ ಒಂದು ಬಿಸಿಲು ಬೇಕು, ತಗಾದೆ ಇಲ್ಲ. ತೂಕ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತೆ, ಕಡಿಮೆ ಆಯಿತು ಅಂತ ಗಾಬರಿ ಬೇಡ. ಬಾಲ್ಕನಿಗೆ ಬಿಸಿಲೇ ಬೀಳದ ಮನೆಯವರು ಓವನ್ ಇದ್ದರೆ 60 ಡಿಗ್ರಿಯಲ್ಲಿ, ಬಾಗಿಲು ಕೊಂಚ ತೆರೆದಿಟ್ಟು, ನಾಲ್ಕೈದು ಗಂಟೆ ಬಿಡಿ. ಬೇಗ ಆಗಲಿ ಅಂತ 120ಕ್ಕೆ ತಿರುಗಿಸಬೇಡಿ. ಬೆಳ್ಳುಳ್ಳಿಯ ಘಾಟು ಹುಟ್ಟಿಸೋ ಗುಣ ಹೆಚ್ಚು ಬಿಸಿಗೆ ಸತ್ತುಹೋಗುತ್ತೆ. ಹದವಾಗಿ ಒಣಗಿದ್ದರಲ್ಲಿ ಅದು ಹಾಗೇ ಉಳಿದು, ನೀರು ತಾಗಿದಾಗ ಮತ್ತೆ ಏಳುತ್ತೆ. ಅದಕ್ಕೇ ಪುಡಿಯನ್ನು ಒಂದು ಚಮಚ ನೀರಿನಲ್ಲಿ ಕಲಸಿ ಐದು ನಿಮಿಷ ಬಿಟ್ಟು ಎಣ್ಣೆಗೆ ಹಾಕಬೇಕು. ಒಣಪುಡಿಯನ್ನೇ ಕಾದ ಎಣ್ಣೆಗೆ ಉದುರಿಸಿದರೆ ಬೆಳ್ಳುಳ್ಳಿ ಮೊದಲು ಸೀಯುತ್ತೆ.

ಇದೇ ಬಿಸಿಲಲ್ಲಿ ಹುಣಸೆಹಣ್ಣಿನ ಕೆಲಸವೂ ಮುಗಿಸಿಕೊಳ್ಳಿ. ಬೀಜ, ನಾರು ತೆಗೆದು, ಒಂದು ಬಿಸಿಲು ಕಾಣಿಸಿ, ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ ಭರಣಿಗೆ ಒತ್ತಿದರೆ ವರ್ಷಕ್ಕಾಗುತ್ತೆ. ಹಿಂದೆ ಈ ತಿಂಗಳಲ್ಲಿ ಬೀದಿಯ ಮನೆಮನೆಯ ಜಗಲಿ ಮೇಲೂ ಹುಣಸೆಬೀಜದ ರಾಶಿ ಇರ್ತಿತ್ತು, ಮಕ್ಕಳು ಅದರಲ್ಲೇ ಚೌಕಾಬಾರ ಆಡ್ತಿದ್ದವು. ಈಗ ತಿಂಗಳಿಗೊಂದು ಪ್ಲಾಸ್ಟಿಕ್ ಪೊಟ್ಟಣ. ಇರಲಿ.

ಉಪ್ಪನ್ನೂ ಹುರೀಬೇಕು, ನಗಬೇಡಿ. ಕಲ್ಲುಪ್ಪಿನ ಹರಳೊಳಗೆ ನೀರು ಸಿಕ್ಕಿಕೊಂಡಿರುತ್ತೆ, ಬಾಣಲೆಗೆ ಹಾಕಿದಾಗ ಚಟಪಟ ಸಿಡಿಯೋದು ಅದೇ. ಸದ್ದು ನಿಂತ ಮೇಲೆ ಇಳಿಸಿ ಆರಿಸಿ. ಆರಿದ ಉಪ್ಪಿನ ಜೊತೆಗೇ ಬೆಳ್ಳುಳ್ಳಿ ಪುಡಿ ಮಾಡಿ. ಹರಳು ಬೆಳ್ಳುಳ್ಳಿಯನ್ನು ಉಜ್ಜಿ ನುಣ್ಣಗೆ ಮಾಡುತ್ತೆ, ಗಂಟು ಕಟ್ಟೋಕೆ ಬಿಡಲ್ಲ.

ಒರೆಗಾನೊ ಅಂತ ಪಿಜ್ಜಾ ಜೊತೆ ಬರೋ ಚಿಕ್ಕ ಪೊಟ್ಟಣ ಕೂಡಿಟ್ಟು ಹಾಕ್ತಾರೆ. ಅದರಲ್ಲಿ ಉಪ್ಪು, ಬೇರೆ ಸೊಪ್ಪು, ಇನ್ನೇನೇನೋ ಬೆರೆತಿರುತ್ತೆ, ಓದಿ ನೋಡಿ. ಹಿತ್ತಲಲ್ಲಿ ದೊಡ್ಡಪತ್ರೆ ಇಲ್ಲವಾ? ಕ್ಯೂಬಾ, ಪೋರ್ಟೊರಿಕೋದವರು ಒರೆಗಾನೊ ಅಂತ ಅದನ್ನೂ ಬಳಸ್ತಾರೆ. ನಾವು ಅದನ್ನ ತಂಬುಳಿಗೂ ಮಗುವಿನ ಕೆಮ್ಮಿಗೂ ಬಿಟ್ಟರೆ ಮುಟ್ಟಲ್ಲ. ಎಲೆ ದಪ್ಪ, ನೀರು ಜಾಸ್ತಿ, ಬಿಸಿಲಿಗಿಟ್ಟರೆ ಕರ್ರಗಾಗುತ್ತೆ. ಒರೆಸಿ, ನೆರಳಲ್ಲಿ ಗಾಳಿಯಾಡೋ ಕಡೆ ಹರಡಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗೋವರೆಗೂ ಬಿಡಿ. ಬುಟ್ಟಿ ಎಲೆ ಒಂದು ಹಿಡಿ ಆದರೆ ಹೆಚ್ಚು. ಅಷ್ಟು ತಾಳ್ಮೆ ಇಲ್ಲದಿದ್ದರೆ ಎರಡು ಚಿಟಿಕೆ ಓಂಕಾಳು ಹಾಕಿ, ಮೂರನೇ ಚಿಟಿಕೆ ಹಾಕಿದರೆ ಅಜೀರ್ಣದ ಚೂರ್ಣ ಆಗುತ್ತೆ.

ಎಲ್ಲ ಪೂರ್ತಿ ಆರಿದ ಮೇಲೆ ಮಿಕ್ಸಿ. ಮೊದಲು ಮೆಣಸಿನಕಾಯಿ, ಆಮೇಲೆ ಹುರಿದ ಬೀಜಗಳು, ಕೊನೆಗೆ ಬೆಳ್ಳುಳ್ಳಿ ಉಪ್ಪು, ಎಲೆ, ಅರಿಸಿನ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರು ಕಾದು ಪರಿಮಳ ಅಡಿಗೆಮನೆಗೆ ಹೋಗುತ್ತೆ, ಪುಡಿಗೆ ಉಳಿಯಲ್ಲ. ಜರಡಿ ಹಿಡಿದು, ತರಿ ಇನ್ನೊಂದು ಸಲ ತಿರುಗಿಸಿ, ಕಾಗದದ ಮೇಲೆ ಅರ್ಧ ಗಂಟೆ ಹರಡಿ ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಒಲೆ ಪಕ್ಕದ ಗೂಡಲ್ಲಿ ಇಡಬೇಡಿ, ಕುದಿಯೋ ಪಾತ್ರೆ ಮೇಲೆ ಬಾಟಲಿ ಬಗ್ಗಿಸಿ ಉದುರಿಸಬೇಡಿ, ಆವಿ ಒಳಗೆ ಹೋಗುತ್ತೆ. ಎರಡು ತಿಂಗಳಿಗೆ ಆಗೋಷ್ಟು ಮಾಡಿದರೆ ಸಾಕು.

ಪೋರ್ಟೊರಿಕೋದಲ್ಲಿ ಕ್ರಿಸ್‌ಮಸ್ ಅಡಿಗೆ ಅಂದರೆ ಅನ್ನಕ್ಕೆ ತೊಗರಿಕಾಳು ಹಾಕಿ ಬೇಯಿಸೋದು. ನಮ್ಮಲ್ಲೂ ಹಸಿ ತೊಗರಿಕಾಯಿ ಸಿಗೋದು ಅದೇ ಕಾಲಕ್ಕೆ. ಒಂದು ಪಾವು ಅಕ್ಕಿಗೆ ಎರಡು ಹಿಡಿ ಕಾಳು, ಈರುಳ್ಳಿ, ದಪ್ಪ ಮೆಣಸಿನಕಾಯಿ, ಒಂದು ಟೊಮೆಟೊ ಬಾಡಿಸಿ, ಕಲಸಿಟ್ಟ ಪುಡಿ ಒಂದು ದೊಡ್ಡ ಚಮಚ ಹಾಕಿ. ಪುಡಿಯಲ್ಲೇ ಉಪ್ಪಿದೆ, ಮೇಲುಪ್ಪು ರುಚಿ ನೋಡಿ ಹಾಕಿ. ಜರಡಿಯಲ್ಲಿ ಕೊನೆಗೂ ಉಳಿದ ತರಿಯನ್ನು ಎಸೆಯಬೇಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಆ ಕಾಳು ಬೇಯೋ ನೀರಿಗೇ ಹಾಕಿ.